ಗಂಟಲು ಅಕ್ಕನದು

ನಮ್ಮ ಆಸ್ಪತ್ರೆಯ ಗಂಟಲು ವಾರ್ಡಿನಲ್ಲಿ ಒಂದು ಅಭ್ಯಾಸವಿದೆ. ಯಾವ ಪುಣ್ಯಾತ್ಮರು ಶುರು ಮಾಡಿದರೋ ಗೊತ್ತಿಲ್ಲ. ಅಲ್ಲಿ ಡಾಕ್ಟರು ಹಾಸಿಗೆಯ ಹತ್ತಿರ ಬಂದು ಪ್ರಶ್ನೆ ಕೇಳುವುದು ರೋಗಿಯನ್ನಲ್ಲ, ಪಕ್ಕದ ಸ್ಟೂಲಿನ ಮೇಲೆ ಕೂತವರನ್ನು. ನಿದ್ದೆ ಬಂತಾ, ನೀರು ಇಳೀತಾ, ಮೊದಲಿಂದ ಏನಾದ್ರೂ ಚಟ ಇತ್ತಾ? ಸ್ಟೂಲಿನವರು ಉತ್ತರ ಕೊಡುತ್ತಾರೆ, ಹಾಸಿಗೆಯವರು ಇಬ್ಬರ ಮುಖವನ್ನೂ ಮಿಕಮಿಕ ನೋಡುತ್ತಾರೆ. ಕಾರಣ ಇಲ್ಲದಿಲ್ಲ. ಗಂಟಲಿನಿಂದ ಚೂರು ಕತ್ತರಿಸಿಕೊಂಡವರಿಗೆ ಎಂಜಲು ನುಂಗುವುದೇ ನರಕ, ಮಾತು ದೂರದ ವಿಷಯ. ಒಬ್ಬೊಬ್ಬರ ಉತ್ತರಕ್ಕೂ ಕಾಯುತ್ತ ನಿಂತರೆ ಮಧ್ಯಾಹ್ನವಾದರೂ ವಾರ್ಡಿನ ಸುತ್ತು ಮುಗಿಯುವುದಿಲ್ಲ. ಇದೆಲ್ಲ ನನಗೂ ಗೊತ್ತು, ನಾನೂ ಅದೇ ಆಸ್ಪತ್ರೆಯ ಡಾಕ್ಟರು. ಆದರೂ ಆ ಅಭ್ಯಾಸ ನೆನಪಾದರೆ ಇವತ್ತಿಗೂ ಮೈ ಉರಿಯುತ್ತದೆ. ಆ ಹಾಸಿಗೆಯ ಮೇಲಿದ್ದವಳು ನನ್ನ ಅಕ್ಕ, ಸ್ಟೂಲಿನ ಮೇಲೆ ಕೂತಿದ್ದವರು ನನ್ನ ಭಾವ.

ಅಕ್ಕ ಕಾರು ಓಡಿಸುವುದನ್ನು ಕಲಿಸುತ್ತಾಳೆ. ನಮ್ಮ ಊರಿನಲ್ಲಿ ಲೈಸೆನ್ಸು ಇಟ್ಟುಕೊಂಡು ಓಡಾಡುವವರಲ್ಲಿ ಅರ್ಧ ಜನ ಅವಳ ಹತ್ತಿರ ಬೈಸಿಕೊಂಡವರೇ. ಕಲಿಸುವ ಕಾರಿನಲ್ಲಿ ಎರಡು ಬ್ರೇಕಿರುತ್ತದೆ, ಒಂದು ಕಲಿಯುವವರ ಕಾಲಿಗೆ, ಇನ್ನೊಂದು ಪಕ್ಕದಲ್ಲಿ ಕೂತು ಕಲಿಸುವವರ ಕಾಲಿಗೆ. ಬೇರೆ ಮೇಷ್ಟ್ರುಗಳು ಎದುರಿಗೆ ನಾಯಿ ಬಂದರೂ ಸಾಕು, ತಮ್ಮ ಬ್ರೇಕು ಒತ್ತಿಬಿಡುತ್ತಾರೆ. ಅಕ್ಕ ಹಾಗಲ್ಲ. ಮೊದಲು ಮೆಲ್ಲಗೆ 'ಬ್ರೇಕು' ಅನ್ನುತ್ತಾಳೆ, ಆಮೇಲೆ ಜೋರಾಗಿ ಅನ್ನುತ್ತಾಳೆ, ಅದಕ್ಕೂ ಕೇಳದಿದ್ದರೆ ಮಾತ್ರ ಕಾಲು. ಅವಳನ್ನು ಎಲ್ಲರೂ ಬ್ರೇಕಕ್ಕ ಎಂದೇ ಕರೆಯುತ್ತಾರೆ. ಸ್ಟೀರಿಂಗ್ ಹಿಡಿದು ಗಡಗಡ ನಡುಗುವವರಿಗೆ ಧೈರ್ಯ ತುಂಬುವುದು ಆ ದನಿಯೇ. ಅದಿಲ್ಲದೆ ಬರೀ ಕಾಲಿನಿಂದ ಯಾರಿಗೂ ಕಾರು ಕಲಿಸಲಾಗುವುದಿಲ್ಲ ಎಂದು ಅವಳೇ ಹೇಳುತ್ತಿದ್ದಳು.

ಭಾವ ಕೆಟ್ಟವರಲ್ಲ. ಇದನ್ನು ಹಲ್ಲು ಕಚ್ಚಿಕೊಂಡು ಹೇಳುತ್ತಿದ್ದೇನೆ, ಆದರೂ ನಿಜ. ಡ್ರೈವಿಂಗ್ ಸ್ಕೂಲಿನ ಕಚೇರಿ ಕೆಲಸ ಅವರದು, ಬಂದವರನ್ನು ಮಾತಾಡಿಸುವುದು ಅವರದು. ಮಾತೆಂದರೆ ಅರಳು ಹುರಿದ ಹಾಗೆ. ಎಲ್ಲಿ ಹೋದರೂ ಇಬ್ಬರ ಪರವಾಗಿಯೂ ಅವರೇ ಮಾತಾಡುತ್ತಾರೆ, 'ಅವಳಿಗೆ ಕಾಫಿ ಬೇಡ' ಎನ್ನುವುದೂ ಅವರೇ. ಮಾತು ಬಿಟ್ಟರೆ ಅವರಿಗಿರುವ ಇನ್ನೊಂದು ಚಟ ಸಿಗರೇಟು. ಕಾರಿನ ಹತ್ತಿರ ಅದರ ಹೊಗೆ ಸುಳಿಯಕೂಡದು ಎಂದು ಅಕ್ಕ ಮೊದಲೇ ಕಟ್ಟಪ್ಪಣೆ ಮಾಡಿದ್ದರಿಂದ ಗೇಟಿನಾಚೆ ನಿಂತು ಸೇದಿ ಬರುತ್ತಾರೆ. ಮಗಳು ಹುಟ್ಟಿದ ವರ್ಷ ಒಮ್ಮೆ ಬಿಟ್ಟರು. ಮೂರು ತಿಂಗಳು ಮನೆಯವರೆಲ್ಲರ ಮೇಲೂ ಎಗರಾಡಿ, ಕೊನೆಗೆ 'ದಯವಿಟ್ಟು ಸೇದಿ ಮಾರಾಯ್ರೇ' ಎಂದು ಅಕ್ಕನಿಂದಲೇ ಹೇಳಿಸಿಕೊಂಡು ಮತ್ತೆ ಶುರು ಮಾಡಿದರು.

ಅಕ್ಕನ ಕುತ್ತಿಗೆಯ ಪಕ್ಕ ಒಂದು ಗಂಟು ಕಾಣಿಸಿತು. ನೋವಿರಲಿಲ್ಲ, ಹಾಗಾಗಿ ಕೆಲವು ವಾರ ಅದನ್ನು ಯಾರಿಗೂ ತೋರಿಸದೆ ಓಡಾಡಿದಳು. ನಾನು ಕೈಯಿಟ್ಟು ನೋಡಿದ ದಿನವೇ ಎಳೆದುಕೊಂಡು ಬಂದೆ. ಬೇರು ಟಾನ್ಸಿಲ್‌ನಲ್ಲಿತ್ತು. ಚೂರು ತೆಗೆದು ಪರೀಕ್ಷೆಗೆ ಕಳಿಸಿದರು, ಕ್ಯಾನ್ಸರ್ ಎಂದೇ ಬಂತು.

ಇಲ್ಲಿ ನನ್ನ ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು. ನಾನು ರೋಗಿಗಳ ಮುಖ ನೋಡುವ ಡಾಕ್ಟರಲ್ಲ, ಅವರಿಂದ ತೆಗೆದ ಚೂರುಗಳನ್ನು ಮೈಕ್ರೋಸ್ಕೋಪಿನ ಕೆಳಗೆ ನೋಡುವವಳು. ಅದರಲ್ಲೂ ನನ್ನ ಹುಚ್ಚು ರಕ್ತನಾಳಗಳದು. ಕ್ಯಾನ್ಸರ್ ಗೆಡ್ಡೆ ಸಾಸಿವೆ ಕಾಳಿನಷ್ಟಿರುವಾಗ ಅಕ್ಕಪಕ್ಕದಿಂದ ಇಷ್ಟಿಷ್ಟು ಹೀರಿಕೊಂಡು ಬದುಕುತ್ತದೆ. ಅದಕ್ಕಿಂತ ದೊಡ್ಡದಾಗಬೇಕೆಂದರೆ ಅದಕ್ಕೇ ಆದ ರಕ್ತ ಬೇಕು. ಆಗ ಹತ್ತಿರದ ಒಳ್ಳೆಯ ನಾಳಗಳನ್ನು ಪುಸಲಾಯಿಸಿ ತನ್ನ ಕಡೆಗೆ ಹೊಸ ಕವಲು ಬೆಳೆಸಿಕೊಳ್ಳುತ್ತದೆ, ಬೀದಿಯ ದೊಡ್ಡ ಪೈಪಿಗೆ ಕಳ್ಳ ನಲ್ಲಿ ಹಾಕಿಕೊಂಡ ಹಾಗೆ. ನಾವು ಬಣ್ಣ ಹಾಕಿ ಆ ನಾಳಗಳನ್ನು ಕಂದು ಮಾಡುತ್ತೇವೆ, ಎಲ್ಲಿ ದಟ್ಟವಾಗಿದೆಯೋ ಅಲ್ಲಿ ಎಣಿಸುತ್ತೇವೆ.

ಗಂಟಲಿನ ಈ ಭಾಗದ ಕ್ಯಾನ್ಸರಿನಲ್ಲಿ ಎರಡು ಜಾತಿ. ಒಂದು ಹೊಗೆ, ತಂಬಾಕು, ಕುಡಿತದಿಂದ ಬರುವಂಥದ್ದು. ಇನ್ನೊಂದು ಒಂದು ವೈರಸ್ಸಿನಿಂದ ಬರುವಂಥದ್ದು. ಎರಡೂ ರಕ್ತನಾಳಗಳನ್ನು ಒಂದೇ ರೀತಿ ಬೆಳೆಸಿಕೊಳ್ಳುತ್ತವೆಯೇ ಎಂಬುದರ ಬಗ್ಗೆ ನಮ್ಮವರು ಇನ್ನೂ ಕಿತ್ತಾಡುತ್ತಲೇ ಇದ್ದಾರೆ. ಆದರೆ ವೈರಸ್ಸಿನದು ಸಾಮಾನ್ಯವಾಗಿ ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ. ಅದಕ್ಕೇ ನಮ್ಮ ಆಸ್ಪತ್ರೆಯಲ್ಲಿ ಒಂದು ಅಧ್ಯಯನ ನಡೆಯುತ್ತಿತ್ತು. ವೈರಸ್ ಇರಬೇಕು, ನಾಳಗಳ ಎಣಿಕೆ ಕಡಿಮೆಯಿರಬೇಕು, ರೋಗಿ ಸಿಗರೇಟು ಸೇದಿದವರಾಗಿರಬಾರದು. ಈ ಮೂರೂ ಕೂಡಿಬಂದವರಿಗೆ ರೇಡಿಯೇಷನ್ ಕಡಿಮೆ ಕೊಟ್ಟು ನೋಡುವುದು. ಪೂರ್ತಿ ಪ್ರಮಾಣ ಕೊಟ್ಟರೆ ಬಾಯಿ ಒಣಗುತ್ತದೆ, ತುತ್ತು ಇಳಿಯುವುದಿಲ್ಲ, ದನಿ ಮೊದಲಿನ ಹಾಗೆ ಬರುತ್ತದೆಂದು ಯಾರೂ ಮಾತು ಕೊಡುವುದಿಲ್ಲ. ಅಕ್ಕನ ದನಿ ಉಳಿಯುವ ದಾರಿ ಎಂದು ನನಗೆ ಕಂಡದ್ದು ಅದೊಂದೇ.

ನಾಳ ಎಣಿಸುವವಳು ನಾನೇ ಆದ್ದರಿಂದ ಇನ್ನೊಂದು ನಿಯಮಕ್ಕೆ ತಲೆಬಾಗಬೇಕಿತ್ತು. ನಮ್ಮವರ ಸ್ಲೈಡನ್ನು ನಾವು ನೋಡುವಂತಿಲ್ಲ. ಬೇಕೆಂದೇ ಅಲ್ಲದಿದ್ದರೂ ಕಣ್ಣು ತನಗೆ ಬೇಕಾದ್ದನ್ನೇ ನೋಡಿಬಿಡುತ್ತದೆ. ಅಕ್ಕನ ಸ್ಲೈಡನ್ನು ಪಕ್ಕದ ಮೇಜಿನ ಗೆಳತಿಗೆ ಒಪ್ಪಿಸಿ, ಅಕ್ಕನ ವಿಷಯದಲ್ಲಿ ನಾನು ಬಾಯಿ ಹಾಕುವುದಿಲ್ಲ ಎಂದು ಎಲ್ಲರಿಗೂ ಹೇಳಿ ದೂರ ಸರಿದೆ.

ನಾನು ದೂರ ಸರಿದಿದ್ದಾಗಲೇ ವಾರ್ಡಿನ ಚಿಕ್ಕ ಡಾಕ್ಟರು ಅಕ್ಕ, ಭಾವ ಇಬ್ಬರನ್ನೂ ಕೂರಿಸಿಕೊಂಡು ಈ ಎರಡು ಜಾತಿಗಳ ವಿಷಯ ತಿಳಿಸಿದ್ದಾಳೆ. ಹೇಳಬೇಕಾದ್ದನ್ನು ಸರಿಯಾಗಿಯೇ ಹೇಳಿದ್ದಾಳೆ. ಈ ವೈರಸ್ ಗಂಡು ಹೆಣ್ಣಿನ ಸಂಬಂಧದಿಂದ ಬರುವಂಥದ್ದು, ಬಹಳ ಜನರಿಗೆ ಒಂದಲ್ಲ ಒಂದು ಕಾಲದಲ್ಲಿ ಬಂದು ತಾನಾಗಿ ಹೋಗುತ್ತದೆ, ಕೆಲವರಲ್ಲಿ ಮಾತ್ರ ವರ್ಷಗಟ್ಟಲೆ ಅಡಗಿ ಕೂತು ಹೀಗೆ ಮಾಡುತ್ತದೆ, ಇದರಲ್ಲಿ ಯಾರ ತಪ್ಪೂ ಇಲ್ಲ ಎಂದಿದ್ದಾಳೆ. ಭಾವ ಅದರಲ್ಲಿ 'ಸಂಬಂಧ' ಎಂಬುದೊಂದನ್ನೇ ಗಟ್ಟಿಯಾಗಿ ಹಿಡಿದುಕೊಂಡು ಮಿಕ್ಕದ್ದನ್ನೆಲ್ಲ ಗಾಳಿಗೆ ತೂರಿದ್ದಾರೆ.

ಮಾರನೆಯ ದಿನ ಅಕ್ಕ ಸ್ಕ್ಯಾನಿಗೆ ಹೋಗಿದ್ದಾಗ ಅದೇ ಚಿಕ್ಕ ಡಾಕ್ಟರು ಹಾಸಿಗೆಯ ಹತ್ತಿರ ಬಂದು, ಅಭ್ಯಾಸಬಲದಿಂದ, ಸ್ಟೂಲಿನವರನ್ನು ಪ್ರಶ್ನೆ ಕೇಳಿದಳು. ಸ್ಟೂಲಿನವರು ಉತ್ತರ ಕೊಟ್ಟರು.

ಅದು ನನಗೆ ಗೊತ್ತಾದದ್ದು ವಾರದ ಮೀಟಿಂಗಿನಲ್ಲಿ. ಸರ್ಜನ್ನು, ರೇಡಿಯೇಷನ್ನಿನವರು, ನಾವು ಲ್ಯಾಬಿನವರು ಎಲ್ಲ ಒಂದೇ ಮೇಜಿನ ಸುತ್ತ ಕೂತು ಒಬ್ಬೊಬ್ಬ ರೋಗಿಗೆ ಏನು ಮಾಡಬೇಕೆಂದು ತೀರ್ಮಾನಿಸುವ ಮೀಟಿಂಗು. ನಾನು ಮೂಲೆಯ ಕುರ್ಚಿಯಲ್ಲಿ ಕೈಕಟ್ಟಿ ಕೂತಿದ್ದೆ. ಅಕ್ಕನ ಸರದಿ ಬಂತು. ಗೆಳತಿ ಎದ್ದು, ವೈರಸ್ ಇದೆ, ನಾಳಗಳು ಕಡಿಮೆ ಎಂದಳು. ನನ್ನ ಹೊಟ್ಟೆಯೊಳಗೆ ಹಾಲು ಹೊಯ್ದ ಹಾಗಾಯಿತು. ಅಷ್ಟರಲ್ಲಿ ದೊಡ್ಡ ಸರ್ಜನ್ನು ಕನ್ನಡಕ ಮೂಗಿನ ತುದಿಗೆ ಇಳಿಸಿ, "ಅಧ್ಯಯನಕ್ಕೆ ಆಗಲ್ಲ, ಪೂರ್ತಿ ಡೋಸೇ ಕೊಡಬೇಕು. ತುಂಬಾ ಸೇದ್ತಾರೆ ಇವರು" ಎಂದರು.

ಯಾರು ಸೇದ್ತಾರೆ ಎಂದು ನಾನು ಕೇಳಿದೆ. ಕೇಳಿದ ರೀತಿಗೆ ಎಲ್ಲರೂ ತಿರುಗಿ ನೋಡಿದರು.

ರೋಗಿ, ಎಂದರು ಸರ್ಜನ್ನು. ಗಂಡನೇ ಹೇಳಿದ್ದಾರೆ. ಸುಮ್ಮನೆ ಹೇಳಿದ್ದಲ್ಲ, ಬ್ರ್ಯಾಂಡಿನ ಸಮೇತ ಹೇಳಿದ್ದಾರೆ. ದಿನಕ್ಕೆ ಒಂದು ಪ್ಯಾಕು, ಅದರಲ್ಲಿ ಊಟವಾದ ಮೇಲೆ ಎರಡು ಖಾಯಂ. ಮಗಳು ಹುಟ್ಟಿದ ವರ್ಷ ಬಿಟ್ಟು ಮೂರು ತಿಂಗಳಿಗೇ ಮತ್ತೆ ಶುರು. ಇಷ್ಟು ವಿವರವಾಗಿ ಯಾರೂ ಸುಳ್ಳು ಹೇಳುವುದಿಲ್ಲವಲ್ಲ ಎಂದು ಅವರು ನನ್ನನ್ನೇ ಕೇಳಿದರು.

ನನ್ನ ಕಿವಿಯಲ್ಲಿ ಕಾದ ಎಣ್ಣೆ ಹೊಯ್ದಂತಾಯಿತು. ಆ ಮನುಷ್ಯ ತನ್ನ ಚಟವನ್ನು ಅಚ್ಚುಕಟ್ಟಾಗಿ ಮಡಿಸಿ ಹೆಂಡತಿಯ ಮೈಮೇಲೆ ಹೊದಿಸಿದ್ದರು. ಎದ್ದು ನಿಂತು, ಇದು ಶುದ್ಧ ಸುಳ್ಳು, ಸೇದುವವರು ಅವರೇ, ನನ್ನಕ್ಕ ಬೆಂಕಿಕಡ್ಡಿಯನ್ನೂ ಬಾಯಿಗಿಟ್ಟವಳಲ್ಲ ಎಂದು ಕೂಗಾಡಿದೆ. ಸರ್ಜನ್ನು ತಾಳ್ಮೆ ಕಳೆದುಕೊಳ್ಳಲಿಲ್ಲ, ಅದೇ ನನಗೆ ಇನ್ನಷ್ಟು ಉರಿ. ನೀವು ತಂಗಿ, ಬಾಯಿ ಹಾಕುವುದಿಲ್ಲ ಎಂದು ನೀವೇ ಹೇಳಿದ್ದೀರಿ, ನಿಮ್ಮ ಮಾತಿನ ಮೇಲೆ ಗಂಡನ ಮಾತನ್ನು ತೆಗೆದುಹಾಕಲು ಬರುವುದಿಲ್ಲ ಎಂದರು.

"ಸರಿ ಸರ್, ನನ್ನ ಮಾತು ಬಿಡಿ. ರೋಗಿಯನ್ನ ಯಾರು ಕೇಳಿದ್ರಿ?"

ಚಿಕ್ಕ ಡಾಕ್ಟರು ತಲೆ ತಗ್ಗಿಸಿದಳು. ಗಂಟಲು ನೋಯುತ್ತಿತ್ತು, ಅದಕ್ಕೇ ತೊಂದರೆ ಕೊಡಲಿಲ್ಲ ಎಂದು ಯಾರೋ ಗೊಣಗಿದರು. ಏನು ಕರುಣೆ! ದನಿ ಹೋಗುತ್ತದೋ ಉಳಿಯುತ್ತದೋ ಎಂದು ಇಷ್ಟು ಜನ ತಲೆ ಕೆಡಿಸಿಕೊಂಡು ಕೂತಿದ್ದಾರೆ, ಆ ದನಿ ಇರುವಾಗಲೇ ಅದನ್ನು ಕೇಳಬೇಕೆಂದು ಒಬ್ಬರಿಗೂ ಹೊಳೆದಿಲ್ಲ. ಕೊನೆಗೆ ಸರ್ಜನ್ನು ಗಂಟಲು ಸರಿಮಾಡಿಕೊಂಡು, ಸಂಜೆಯೊಳಗೆ ಗಂಡ ಹೆಂಡತಿ ಇಬ್ಬರನ್ನೂ ನನ್ನ ಕೋಣೆಗೆ ಕಳಿಸಿ, ನಾಳೆಗೆ ಚಿಕಿತ್ಸೆಯ ಲೆಕ್ಕಾಚಾರ ಶುರುವಾಗುತ್ತದೆ, ಆಮೇಲೆ ಬದಲಾಯಿಸಲು ಆಗುವುದಿಲ್ಲ ಎಂದರು.

ಭಾವ ಎಲ್ಲಿರುತ್ತಾರೆಂದು ಹುಡುಕಬೇಕಾಗಿಯೇ ಇರಲಿಲ್ಲ. ಆಸ್ಪತ್ರೆಯ ಗೇಟಿನಾಚೆ, ಸೈಕಲ್ ಸ್ಟ್ಯಾಂಡಿನ ಗೋಡೆಗೆ ಒರಗಿಕೊಂಡು ಸೇದುತ್ತಿದ್ದರು. ನನ್ನ ಮುಖ ನೋಡಿದವರೇ ಸಿಗರೇಟನ್ನು ಬೆನ್ನ ಹಿಂದೆ ಹಿಡಿದರು, ಹೆಡ್‌ಮಾಸ್ತರರನ್ನು ಕಂಡವರ ಹಾಗೆ.

"ಅಕ್ಕ ಸೇದ್ತಾಳೆ ಅಂತ ಹೇಳಿದ್ರಾ ಭಾವ?"

ಮೆಲ್ಲಗೆ ಮಾತಾಡು ಎಂದರು. ಆಮೇಲೆ, ನೀನು ಡಾಕ್ಟರು, ನಿನಗೆ ಅರ್ಥವಾಗಬೇಕು ಎಂದರು. ಸಿಗರೇಟಿನಿಂದ ಬಂತು ಎಂದರೆ ಜನ ಅಯ್ಯೋ ಪಾಪ ಅನ್ನುತ್ತಾರೆ, ನಾಲ್ಕು ಬುದ್ಧಿಮಾತು ಹೇಳಿ ಹೋಗುತ್ತಾರೆ. ವೈರಸ್ಸು, ಅದೂ ಅಂಥದ್ದು ಎಂದರೆ ಎಲ್ಲಿಂದ ಬಂತು ಎಂದು ಕೇಳುತ್ತಾರೆ. ಚಟ ಇದೆ ಎಂದುಬಿಟ್ಟರೆ ವೈರಸ್ಸಿನ ಪರೀಕ್ಷೆಯನ್ನೇ ಮಾಡುವುದಿಲ್ಲ, ಆ ಮಾತೇ ಏಳುವುದಿಲ್ಲ ಅಂದುಕೊಂಡಿದ್ದರಂತೆ.

"ನೀನೇ ಯೋಚನೆ ಮಾಡು. ಅವಳಿಂದ ಬಂತು ಅಂದ್ರೂ ನನ್ನ ಮಾನ ಹೋಗುತ್ತೆ. ನನ್ನಿಂದ ಬಂತು ಅಂದ್ರೂ ನನ್ನ ಮಾನವೇ ಹೋಗುತ್ತೆ."

"ಆ ಕಡೆಯೂ ನಿಮ್ಮ ಮಾನ, ಈ ಕಡೆಯೂ ನಿಮ್ಮ ಮಾನ. ಅವಳ ಗಂಟಲು ಯಾವ ಕಡೆ ಬಂತು ಭಾವ?"

ಭಾವ ಬೆನ್ನ ಹಿಂದಿನ ಸಿಗರೇಟನ್ನು ಗೋಡೆಗೆ ಉಜ್ಜಿ ಆರಿಸಿದರು. ಅವರ ಸುಳ್ಳಿನಿಂದ ಅಕ್ಕ ಅಧ್ಯಯನದಿಂದ ಹೊರಗೆ ಬಿದ್ದಳೆಂದು, ದನಿಗೆ ಕುತ್ತು ಬಂತೆಂದು ಬಿಡಿಸಿ ಹೇಳಿದೆ. ಮುಖ ಸಪ್ಪಗಾಯಿತು. ನನಗೇನು ಗೊತ್ತಿತ್ತು ಎಂದರು, ಅದನ್ನು ನಂಬುತ್ತೇನೆ. ಆದರೆ ಮೇಲೆ ಹೋಗಿ ಸುಳ್ಳು ಹೇಳಿದೆ ಎಂದು ಒಪ್ಪಿಕೊಳ್ಳಿ ಎಂದರೆ ಕಾಲು ಏಳಲಿಲ್ಲ. ಅಷ್ಟು ದೊಡ್ಡ ಡಾಕ್ಟರ ಎದುರು ಯಾವ ಮುಖ ಹೊತ್ತು ನಿಲ್ಲಲಿ ಎಂದರು. ಕೊನೆಗೆ ಸಮಾಧಾನದ ದನಿಯಲ್ಲಿ, ಹೆಚ್ಚು ಕೊಟ್ಟರೆ ರೋಗ ಇನ್ನೂ ಚೆನ್ನಾಗಿ ಹೋಗುತ್ತದಲ್ಲ, ಆದದ್ದೆಲ್ಲ ಒಳ್ಳೆಯದಕ್ಕೇ ಅಂದುಕೊಳ್ಳೋಣ ಎಂದುಬಿಟ್ಟರು. ಇನ್ನೊಂದು ನಿಮಿಷ ಅಲ್ಲೇ ನಿಂತಿದ್ದರೆ ನಾನು ಕೈ ಎತ್ತುತ್ತಿದ್ದೆನೋ ಏನೋ. ಸಂಜೆ ಸರ್ಜನ್ ಕೋಣೆಗೆ ಬನ್ನಿ ಎಂದಷ್ಟೇ ಹೇಳಿ ತಿರುಗಿ ನಡೆದೆ.

ವಾರ್ಡಿನ ವಾಸನೆ ತಡೆಯಲಾಗದೆ ಅಕ್ಕ ನರ್ಸಮ್ಮನ ಒಪ್ಪಿಗೆ ಪಡೆದು ಕೆಳಗೆ ಬಂದು, ಮರದ ನೆರಳಿನಲ್ಲಿ ನಿಲ್ಲಿಸಿದ್ದ ತನ್ನ ಕಾರಿನಲ್ಲಿ ಕೂತಿದ್ದಳು. ಕೂತಿದ್ದು ಎರಡನೆಯ ಬ್ರೇಕಿರುವ ಸೀಟಿನಲ್ಲಿ. ಸ್ಟೀರಿಂಗಿನ ಸೀಟು ನನಗೆ ಸಿಕ್ಕಿತು. ಎದುರಿನ ಗಾಜು ನೋಡುತ್ತ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒದರಿದೆ. ಅಕ್ಕ ಅಳುತ್ತಾಳೇನೋ ಎಂದು ನಾನು ಕರವಸ್ತ್ರ ಹುಡುಕುತ್ತಿದ್ದೆ.

"ನಾನು ಯಾವ ಬ್ರ್ಯಾಂಡ್ ಸೇದ್ತೀನಂತೆ?" ಎಂದಳು. ದನಿ ಒಣ ಎಲೆಯ ಹಾಗಿತ್ತು.

ಹೇಳಿದೆ.

"ಥೂ, ಅಗ್ಗದ್ದು. ಸೇದೋದೇ ಆಗಿದ್ರೆ ಒಳ್ಳೇದೇ ಸೇದ್ತಿದ್ದೆ."

ಇಬ್ಬರೂ ನಕ್ಕೆವು, ನಗುತ್ತಲೇ ಅವಳ ಕಣ್ಣು ತುಂಬಿತು. ಆಮೇಲೆ, ಇದು ಅವರಿಂದಲೇ ಬಂದದ್ದಾ ಎಂದು ಕೇಳಿದಳು. ಹೇಳಲು ಬರುವುದಿಲ್ಲ, ಯಾವ ಡಾಕ್ಟರಿಗೂ ಬರುವುದಿಲ್ಲ, ಎಷ್ಟು ಹಳೆಯದೋ ಏನೋ ಎಂದೆ. ಅವಳು ಒಂದಷ್ಟು ಹೊತ್ತು ಬ್ರೇಕಿನ ಮೇಲೆ ಕಾಲಾಡಿಸುತ್ತ ಕೂತಿದ್ದು, ಹಾಗಾದರೆ ಅದನ್ನು ಇಲ್ಲಿಗೇ ಬಿಡೋಣ, ಅದರ ಬೆನ್ನು ಹತ್ತಿ ಹೋಗಲು ನನಗೆ ಪುರಸೊತ್ತಿಲ್ಲ ಎಂದಳು. ಕೋಪ ಅವಳಿಗೂ ಬಂದಿತ್ತು, ಆದರೆ ವೈರಸ್ಸಿನ ಮೇಲಲ್ಲ. ಇಷ್ಟು ವರ್ಷ ಕಾಫಿ ಬೇಕೋ ಬೇಡವೋ ಎಂಬುದನ್ನು ಅವರೇ ಹೇಳಿದರು, ನಾನೂ ಹೋಗಲಿ ಬಿಡು ಅಂದುಕೊಂಡೆ, ಈಗ ನೋಡು ಎಂದಳು.

ಆ ಗೆಡ್ಡೆಯನ್ನು ಒಮ್ಮೆ ನೋಡಬೇಕು ಎಂದಳು. ಗೆಳತಿಯ ಮೇಜಿಗೆ ಕರೆದುಕೊಂಡು ಹೋದೆ. ನಿಯಮ ನಿಯಮವೇ ಆದ್ದರಿಂದ ನಾನು ಮುಖ ತಿರುಗಿಸಿ ಕೈ ತೊಳೆಯುವ ಸಿಂಕಿನ ಕಡೆ ನಿಂತೆ. ಗೆಳತಿ ಸ್ಲೈಡಿಟ್ಟು, ನೀಲಿಯಾಗಿ ಕಾಣುವುದು ಗೆಡ್ಡೆ, ಕಂದು ಗೆರೆಗಳು ಅದು ಹಾಕಿಸಿಕೊಂಡಿರುವ ರಕ್ತನಾಳ, ಬೇರೆಯವರಿಗೆ ಹೋಲಿಸಿದರೆ ನಿಮ್ಮದರಲ್ಲಿ ಕಡಿಮೆ ಎಂದು ವಿವರಿಸಿದಳು. ಅಕ್ಕ ತುಂಬಾ ಹೊತ್ತು ಬಗ್ಗಿ ನೋಡಿದಳು.

"ಎಷ್ಟೊಂದು ಗಲ್ಲಿ ರಸ್ತೆ. ಒಂದು ಸಿಗ್ನಲ್ಲೂ ಇಲ್ಲ. ಲೈಸೆನ್ಸ್ ಯಾರು ಕೊಟ್ರು ಇದಕ್ಕೆ?"

ಗೆಳತಿ ಪಕಪಕ ನಕ್ಕಳು. ಆಮೇಲೆ ಅಕ್ಕ ನನ್ನ ಬೆನ್ನಿನ ಕಡೆ ತಿರುಗಿ, ಕಡಿಮೆ ಕೊಡುವುದರಿಂದ ಅಪಾಯ ಇಲ್ಲವಾ ಎಂದು ಕೇಳಿದಳು. ಇದೆ ಎಂದೆ. ಕಡಿಮೆ ಸಾಕಾಗುತ್ತದೋ ಇಲ್ಲವೋ ತಿಳಿಯಲೆಂದೇ ಅಧ್ಯಯನ, ಸಾಕಾಗದೆ ಮತ್ತೆ ಮರಳಿದರೆ ಆಗ ಕಷ್ಟ ಜಾಸ್ತಿ ಎಂದೆ. ಇಷ್ಟು ನೇರವಾಗಿ ಅವಳಿಗೆ ಯಾರೂ ಹೇಳಿರಲಿಲ್ಲ. ಒಳ್ಳೆಯದು, ಆ ಅಪಾಯ ನನ್ನದು, ತೂಗಿ ನೋಡುವವಳೂ ನಾನೇ ಎಂದಳು.

ಸಂಜೆ ಸರ್ಜನ್ನಿನ ಕೋಣೆಗೆ ಹೋದಾಗ ಭಾವ ಬಾಗಿಲಲ್ಲಿ ನಿಂತಿದ್ದರು. ತಲೆ ಬಾಚಿಕೊಂಡಿದ್ದರು, ಬಾಯಿಗೆ ಏನೋ ಸುವಾಸನೆಯದು ಹಾಕಿಕೊಂಡಿದ್ದರು. ಮೇಜಿನ ಈಚೆ ಎರಡು ಕುರ್ಚಿ, ಇಬ್ಬರೂ ಅಕ್ಕಪಕ್ಕ ಕೂತರು. ನಾನು ಹಿಂದೆ ಗೋಡೆಗೆ ಒತ್ತಿ ನಿಂತೆ, ಬಾಯಿ ಹಾಕುವುದಿಲ್ಲ ಎಂದು ಈ ಸಲ ನಿಜವಾಗಿ ತೀರ್ಮಾನ ಮಾಡಿಕೊಂಡು.

ಸರ್ಜನ್ನು ಬೆಳಗ್ಗೆಯಿಂದ ಯೋಚಿಸಿರಬೇಕು, ನೇರವಾಗಿ ಅಕ್ಕನ ಕಡೆಗೇ ತಿರುಗಿ ಕೂತರು. ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳಬೇಕಿತ್ತು, ಸಿಗರೇಟಿನ ಬಗ್ಗೆ ಎಂದರು. ಆದರೆ ಇಷ್ಟು ವರ್ಷಗಳ ಅಭ್ಯಾಸ ಎಲ್ಲಿಗೆ ಹೋಗುತ್ತದೆ? ಮಾತಿನ ಕೊನೆಗೆ ಬರುವಷ್ಟರಲ್ಲಿ ಅವರ ಕಣ್ಣು ತಾನಾಗಿ ಭಾವನ ಕಡೆಗೆ ಜಾರಿತು. ಭಾವ ಮುಂದೆ ಬಗ್ಗಿ ಬಾಯಿ ತೆರೆದರು. ಒಪ್ಪಿಕೊಳ್ಳುತ್ತಿದ್ದರೋ, ಸುಳ್ಳಿಗೆ ಇನ್ನೊಂದು ಸುಳ್ಳು ಪೋಣಿಸುತ್ತಿದ್ದರೋ ನನಗೆ ಇವತ್ತಿಗೂ ಗೊತ್ತಿಲ್ಲ.

ಅಕ್ಕ ಮೆಲ್ಲಗೆ "ನೀವಿರಿ" ಎಂದಳು. ಭಾವ "ಅಲ್ಲ ಡಾಕ್ಟ್ರೇ, ಅದೇನಂದ್ರೆ" ಎಂದು ಶುರು ಮಾಡಿದರು. ಅಕ್ಕ ಇನ್ನೊಮ್ಮೆ, ನೋಯುವ ಗಂಟಲಿನಿಂದ ಎಷ್ಟು ಜೋರಾಗಿ ಆಗುತ್ತದೋ ಅಷ್ಟು ಜೋರಾಗಿ "ನೀವಿರಿ ಅಂದೆ" ಎಂದಳು. ಭಾವ ನಿಲ್ಲಿಸಲಿಲ್ಲ. ಮೂರನೆಯ ಸಲ ಅವಳು ಮಾತಾಡಲಿಲ್ಲ. ಮೇಜಿನ ಕೆಳಗೆ ಅವಳ ಕಾಲು ಎದ್ದು ಭಾವನ ಪಾದದ ಮೇಲೆ ಇಳಿಯಿತು. ಅರ್ಧ ಊರಿನ ಕಾರುಗಳನ್ನು ನಿಲ್ಲಿಸಿದ ಕಾಲು ಅದು. ಭಾವ ಕುರ್ಚಿಯಲ್ಲೇ ಮುಗ್ಗರಿಸಿ ಮೇಜು ಹಿಡಿದುಕೊಂಡರು, ಮಾತು ಅಲ್ಲಿಗೇ ನಿಂತಿತು.

"ಡಾಕ್ಟ್ರೇ, ಗಂಟಲು ನಂದು. ನನ್ನ ಕೇಳಿ."

ಸರ್ಜನ್ನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನೀವು ಸಿಗರೇಟು ಸೇದುತ್ತೀರಾ ಎಂದು ಕೇಳಿ, ಉತ್ತರಕ್ಕೆ ಕಾದರು. ಅಕ್ಕ ಎಂಜಲು ನುಂಗಿದಳು, ನೋವಿಗೆ ಕಣ್ಣು ಮುಚ್ಚಿದಳು, ಮತ್ತೆ ತೆರೆದಳು. ಅವಳಿಗೆ ಬೇಕಾದಷ್ಟು ಹೊತ್ತು ಅವರು ಕಾದರು. ಆ ಕೋಣೆಯಲ್ಲಿ ಹಾಗೆ ಕಾದದ್ದನ್ನು ನಾನು ಮೊದಲ ಸಲ ನೋಡಿದ್ದು.

"ಇಲ್ಲ. ಒಂದು ದಿನವೂ ಇಲ್ಲ. ನಿಮಗೆ ಕೊಟ್ಟ ಲೆಕ್ಕ ಇವರದು, ರೋಗ ಮಾತ್ರ ನಂದು. ವೈರಸ್ಸು ಅಂತಲೇ ಬರೀರಿ, ನನಗೆ ನಾಚಿಕೆ ಇಲ್ಲ. ನನಗೆ ದನಿ ಬೇಕು."

ಸರ್ಜನ್ನು ಭಾವನನ್ನು ನೋಡಿದರು. ಭಾವ ತಲೆ ಎತ್ತದೆಯೇ ಹೂಂ ಎನ್ನುವಂತೆ ಆಡಿಸಿದರು. ಅಕ್ಕನ ಕಾಲು ಇನ್ನೂ ಅವರ ಪಾದದ ಮೇಲೆಯೇ ಇತ್ತು. ಅಧ್ಯಯನಕ್ಕೆ ಸೇರಿಸಿಕೊಳ್ಳುವುದಾಗಿ ಸರ್ಜನ್ನು ಅಕ್ಕನಿಗೆ ಹೇಳಿದರು, ಅಪಾಯದ ಮಾತನ್ನೂ ಅವಳಿಗೇ ಹೇಳಿದರು, ಅವಳು ಗೊತ್ತು ಎಂದಳು. ಆಮೇಲೆ ಅವರು ಗೋಡೆಯ ಮೊಳೆಗೆ ತೂಗುಹಾಕಿದ್ದ ಹಣೆದೀಪವನ್ನು ತೆಗೆದು ತಲೆಗೆ ಕಟ್ಟಿಕೊಂಡು, ಕುರ್ಚಿಯನ್ನು ಭಾವನ ಎದುರಿಗೆ ಎಳೆದುಕೊಂಡರು.

"ಹಾಗಾದ್ರೆ ದಿನಕ್ಕೊಂದು ಪ್ಯಾಕು ನಿಮ್ಮದು. ಬಾಯಿ ತೆಗೀರಿ, ನೋಡೋಣ."

ಭಾವ ಗಾಬರಿಯಿಂದ ಅಕ್ಕನ ಮುಖ ನೋಡಿದರು. ಅವಳು ಅವರ ಪಾದದ ಮೇಲಿನಿಂದ ಕಾಲು ತೆಗೆದು, ತೆಗೀರಿ ಎನ್ನುವಂತೆ ಗಲ್ಲದಿಂದ ಸನ್ನೆ ಮಾಡಿದಳು.